ಹುಳಕ್ಕೆ ಬರುವ ವೈರಸ್ ರೋಗಕ್ಕೆ 'ಹಾಲುತೊಂಡೆ' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಪುಣೆಯಲ್ಲಿ ಕಡಲೆ ಬೆಳೆಯ ಕಾಯಿಕೊರಕದ ಬಗ್ಗೆ ಒಂದು ಮರಾಠಿ ಕರಪತ್ರವನ್ನು ವಿಜಯಪುರದ ಕಡೆಯ ರೈತರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಹುಳಕ್ಕೆ ರೋಗ ತರುವ ಎನ್‌ಪಿವಿ ವೈರಸ್ಸನ್ನೇ ನೀರಿಗೆ ಬೆರೆಸಿ ಸಿಂಪಡಿಸುವ ವಿಷಯ ಅದು. ಮರಾಠಿಯಲ್ಲಿ 'ವಿಷಾಣು' ಅಂತಿತ್ತು, ನಾನು 'ನಂಜಾಣು' ಅಂತ ಬರೆದೆ. ಪಕ್ಕದ ಮನೆಯ ಇಂಡಿ ಕಡೆಯ ಕಾಕಾ ಓದಿ, "ಇದೂ ವಿಷದ ಎಣ್ಣೀನ ಏನ್ರಿ? ಹೊಡದ ಮ್ಯಾಲ ದನಕ್ಕ ಮೇವು ಹಾಕಬಾರದೇನು?" ಅಂದರು. ಗಾಯ ನಂಜಾಯಿತು ಅಂತಲೂ ಹೇಳ್ತೀವಿ, ನಂಜು ಅಂದರೆ ಬರೀ ವಿಷ ಅಲ್ಲ, ಅಲ್ವಾ? ಆದರೆ ಪಂಪಿನಲ್ಲಿ ಹೊಡೆಯುವ ವಸ್ತುವಿಗೆ ಆ ಹೆಸರಿಟ್ಟರೆ ಜನರಿಗೆ ವಿಷವೇ ನೆನಪಾಗುತ್ತದೆ. ಇದು ದನಕ್ಕೂ ಮನುಷ್ಯರಿಗೂ ತಗಲುವುದಿಲ್ಲ. ಸುಮ್ನೆ 'ವೈರಸ್' ಅಂತಲೇ ಇಟ್ಟಿದ್ದೇನೆ.

ಕಷ್ಟ ಇರುವುದು ರೋಗದ ಹೆಸರಿನಲ್ಲಿ. ವೈರಸ್ ಅಂಟಿದ ಎಲೆ ತಿಂದ ಹುಳ ಕೆಲವು ದಿನದಲ್ಲಿ ಮೇವು ಬಿಡುತ್ತದೆ, ಬಣ್ಣ ಬಿಳಿಚುತ್ತದೆ, ಗಿಡದ ತುದಿಗೆ ಹತ್ತಿ ಹಿಂಗಾಲಿನಲ್ಲಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಒಳಗೆಲ್ಲ ಕರಗಿ ನೀರಾಗಿರುತ್ತದೆ. ತೊಗಲು ಹರಿದರೆ ಆ ರಸ ಕೆಳಗಿನ ಎಲೆಗಳ ಮೇಲೆ ಸುರಿದು, ಅದನ್ನು ತಿಂದ ಹುಳಗಳಿಗೂ ಹತ್ತುತ್ತದೆ. ಇಷ್ಟಕ್ಕೆಲ್ಲ ಕರಪತ್ರದಲ್ಲಿರುವುದು 'ಎನ್‌ಪಿವಿ ರೋಗ' ಅಂತ ಮಾತ್ರ.

ನನ್ನ ಊರು ಶಿಡ್ಲಘಟ್ಟದ ಹತ್ತಿರ. ಅಜ್ಜಿ ರೇಷ್ಮೆ ಸಾಕುತ್ತಿದ್ದರು. ಗಿಣ್ಣುಗಳ ನಡುವೆ ಊದಿಕೊಂಡು, ಮೈ ಮಿರುಗುತ್ತಾ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲೇ ಹರಿದಾಡುವ ಹುಳ ಕಂಡರೆ "ಹಾಲುತೊಂಡೆ ಬಂತು" ಅನ್ನುತ್ತಿದ್ದರು. ಸ್ವಲ್ಪ ಒತ್ತಿದರೆ ಸಾಕು, ಬೆರಳಿಗೆ ಬಿಳಿ ಹಾಲಿನಂಥ ರಸ ಹತ್ತುತ್ತಿತ್ತು. ಅದೂ ಎನ್‌ಪಿವಿ ರೋಗವೇ. ಎರಡೂ ಒಂದೇ ಮನೆತನದ ವೈರಸ್ಸುಗಳು, ಆದರೆ ಕಾಯಿಕೊರಕದ್ದೇ ಬೇರೆ, ರೇಷ್ಮೆಹುಳದ್ದೇ ಬೇರೆ.

ಇಷ್ಟು ಚೆಂದದ ಪದ ಇರುವಾಗ ಕಾಯಿಕೊರಕದ ರೋಗಕ್ಕೂ ಅದನ್ನೇ ಬಳಸಬೇಕು ಅಂತ ನನಗೆ ತುಂಬಾ ಆಸೆ. ಅಳುಕೂ ಇದೆ, ರೇಷ್ಮೆ ಸಾಕುವವರು ಓದಿದರೆ ತಮ್ಮ ಹುಳಕ್ಕೂ ಹತ್ತೀತು ಅಂತ ಹೆದರುವುದಿಲ್ಲವೇ? 'ಕಾಯಿಕೊರಕದ ಹಾಲುತೊಂಡೆ' ಅಂದರೆ ಸರಿಹೋದೀತೇ? ಈ 'ತೊಂಡೆ' ತೊಂಡೆಕಾಯಿಯದೇ, ಬೇರೆಯದೇ? ವಿಜಯಪುರ, ಕಲಬುರಗಿ ಕಡೆಯವರು ಹೀಗೆ ಜೋತುಬಿದ್ದು ಸತ್ತ ಕೀಡೆಗೆ ಹೊಲದಲ್ಲಿ ಏನಂತಾರೆ, ದಯವಿಟ್ಟು ತಿಳಿಸಿ.