ಗೋಲಗುಮ್ಮಟದ ಎಂಟು ಮೂಲೆ ನಕ್ಷತ್ರ, ನಮ್ಮ ರಂಗೋಲಿ, ಕುರಾನಿನ ಗುರುತು: ಎಲ್ಲದರ ಅರ್ಥ ಒಂದೇನಾ?

ಚುಕ್ಕಿಸಾಲು:
ಹೋದ ತಿಂಗಳು ವಿಜಯಪುರಕ್ಕೆ ಹೋಗಿದ್ದೆ. ಗೋಲಗುಮ್ಮಟದ ಒಳಗೆ ನಡುಮಧ್ಯೆ ನಿಂತು ಕತ್ತೆತ್ತಿದರೆ ಕಮಾನುಗಳು ಒಂದನ್ನೊಂದು ದಾಟಿಕೊಂಡು ಎಂಟು ಮೂಲೆಯ ನಕ್ಷತ್ರ ಆಗಿರುವುದು ಕಾಣುತ್ತದೆ. ಒಂದು ಚೌಕ, ಅದರ ಮೇಲೆ ಓರೆಯಾಗಿ ಇನ್ನೊಂದು ಚೌಕ, ಅಷ್ಟೇ. ಹಬ್ಬದ ದಿನ ನಾವು ಬಾಗಿಲ ಮುಂದೆ ಹಾಕುವ ರಂಗೋಲಿಯಲ್ಲೂ ಇದೇ ಇದೆ. ಗೆಳತಿಯ ಮನೆಯ ಕುರಾನಿನ ಪುಟದ ಅಂಚಿನಲ್ಲೂ ಪುಟ್ಟದಾಗಿ ಇದೇ ಗುರುತು ನೋಡಿದ್ದೇನೆ. ಈಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಎಂಟಕ್ಕೆ ಎಲ್ಲಾ ಧರ್ಮಗಳಲ್ಲೂ ಒಂದೇ ಗುಪ್ತ ಅರ್ಥ ಇದೆ, ಎಲ್ಲಾ ಒಂದೇ ಮೂಲದಿಂದ ಬಂದದ್ದು ಅಂತ ಬರೆದಿದ್ದಾರೆ. ಹೌದಾ? ತಿಳಿದವರು ದಯವಿಟ್ಟು ಹೇಳಿ. ಸುಮ್ನೆ ಕುತೂಹಲಕ್ಕಲ್ಲ, ಮಗಳಿಗೆ ಸರಿಯಾಗಿ ಹೇಳಬೇಕು.

ಗಾರೆಕೆಲಸ:
ಕಟ್ಟಡದ ವಿಷಯ ನಾನು ಹೇಳುತ್ತೇನೆ. ಗೋಲಗುಮ್ಮಟ ಮೊಹಮ್ಮದ್ ಆದಿಲ್ ಶಾಹನ ಸಮಾಧಿ, ಅವನು ತೀರಿಕೊಂಡದ್ದು 1656ರಲ್ಲಿ. ಕೆಳಗಿನ ಕೋಣೆ ಚೌಕ, ಮೇಲೆ ಕೂರಬೇಕಾದ್ದು ಸುಮಾರು 44 ಮೀಟರ್ ಅಗಲದ ದುಂಡನೆ ಗುಮ್ಮಟ. ಚೌಕದ ಗೋಡೆ ಮೇಲೆ ದುಂಡನೆಯದನ್ನು ನೇರವಾಗಿ ಇಟ್ಟರೆ ನಾಲ್ಕು ಮೂಲೆಯಲ್ಲೂ ಕೆಳಗೆ ಆಧಾರವೇ ಇರುವುದಿಲ್ಲ ಅಲ್ವಾ? ಅದಕ್ಕೆ ಎಂಟು ಕಮಾನುಗಳನ್ನು ಎರಡು ಚೌಕದ ಲೆಕ್ಕದಲ್ಲಿ ಹೆಣೆದರು. ಮೇಲಕ್ಕೆ ಹೋದಂತೆ ಅವು ಒಳಕ್ಕೆ ಬಾಗಿ, ನಡುವೆ ಎಂಟು ಬದಿಯ ಜಾಗ ಉಳಿಯುತ್ತದೆ. ಎಂಟು ಬದಿ ಬಂತು ಅಂದರೆ ವೃತ್ತ ಹತ್ತಿರವೇ ಬಂತು. ಅಂದರೆ ಆ ನಕ್ಷತ್ರ ಮೊದಲು ಭಾರ ಹೊರುವ ಕೆಲಸ ಮಾಡುತ್ತಿದೆ.

ಚೌಕ ತಿರುಗಿಸುವ ಕೆಲಸ ಅದಕ್ಕಿಂತ ಮೊದಲೇ ನಮ್ಮಲ್ಲಿ ನಡೆದಿದೆ. 13ನೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ಹೊರಗೋಡೆ 16 ಮೂಲೆಯ ನಕ್ಷತ್ರ. ಒಂದೇ ಚೌಕವನ್ನು ನಡುಬಿಂದು ಕದಲದ ಹಾಗೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕು ಸಲ ಬರೆಯಿರಿ, 16 ಮೂಲೆ ಸಿಗುತ್ತದೆ. ಮಗಳ ಕೈಯಲ್ಲಿ ಕಾಗದದ ಮೇಲೆ ಮಾಡಿಸಿ, ಹತ್ತು ನಿಮಿಷದ ಕೆಲಸ. ಆದರೆ ಹೊಯ್ಸಳರ ಈ ನಕ್ಷತ್ರ ನೆಲದ ನಕ್ಷೆಯಲ್ಲಿದೆ, ಆದಿಲ್ ಶಾಹಿಗಳದ್ದು ತಲೆ ಮೇಲಿದೆ, ಎರಡರ ಕೆಲಸವೂ ಬೇರೆ. ಒಂದೇ ಆಕಾರ ಕಂಡ ಕೂಡಲೇ ಒಬ್ಬರು ಇನ್ನೊಬ್ಬರಿಂದ ಪಡೆದರು ಅನ್ನಬೇಕಿಲ್ಲ. ಹಗ್ಗ, ಗೂಟ ಇದ್ದವರೆಲ್ಲರಿಗೂ ಈ ಆಕಾರ ಸಿಗುತ್ತದೆ.

ಉಳ್ಳಾಲದವ:
ಕುರಾನಿನ ಆ ಗುರುತಿಗೆ ರುಬ್ ಅಲ್ ಹಿಜ್ಬ್ ಅನ್ನುತ್ತಾರೆ ಅಕ್ಕ. ಓದಲು ಅನುಕೂಲ ಆಗಲಿ ಅಂತ ಕುರಾನನ್ನು 60 ಹಿಜ್ಬ್, ಅಂದರೆ ಭಾಗ, ಮಾಡಿದ್ದಾರೆ, ಒಂದೊಂದರಲ್ಲೂ ನಾಲ್ಕು ಪಾಲು, ಒಟ್ಟು 240. ಪಾಲು ಶುರುವಾಗುವ ಕಡೆ ಆ ನಕ್ಷತ್ರ ಹಾಕುತ್ತಾರೆ. ಇವತ್ತು ಎಲ್ಲಿವರೆಗೆ ಓದಿದೆ, ನಾಳೆ ಎಲ್ಲಿಂದ ಶುರು ಅಂತ ಗೊತ್ತಾಗಲು ಅದು. ಅದರಲ್ಲಿ ಗುಪ್ತ ಅರ್ಥ ಏನೂ ಇಲ್ಲ. ಎಂಟು ಅನ್ನುವ ಸಂಖ್ಯೆ ಬೇಕಾದರೆ 69ನೇ ಅಧ್ಯಾಯದಲ್ಲಿ ಇದೆ, ಅಂತಿಮ ದಿನ ದೇವರ ಸಿಂಹಾಸನವನ್ನು ಎಂಟು ಜನ ಹೊರುತ್ತಾರೆ ಅಂತ. ಆದರೆ ಪುಟದ ಅಂಚಿನ ಗುರುತಿಗೂ ಅದಕ್ಕೂ ಗಂಟು ಹಾಕಬೇಡಿ.

ಮಂಗಳೂರಿನಿಂದ:
ಕ್ರೈಸ್ತರಲ್ಲಿ ಎಂಟಕ್ಕೆ ನಿಜವಾಗಿಯೂ ಅರ್ಥ ಇದೆ, ಅದೂ ಬಹಳ ಸ್ಪಷ್ಟವಾಗಿ. ದೀಕ್ಷಾಸ್ನಾನ ಅಂದರೆ ನೀರಿನಿಂದ ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ. ಅದರ ಹಳೆಯ ಕಟ್ಟಡಗಳು, ಕೊಳಗಳು ಎಷ್ಟೋ ಕಡೆ ಎಂಟು ಬದಿಯವು. ಇಟಲಿಯ ಫ್ಲಾರೆನ್ಸ್‌ನಲ್ಲಿರುವುದು ಹಾಗೇ ಇದೆ. ವಾರಕ್ಕೆ ಏಳು ದಿನ. ಯೇಸು ಸತ್ತ ಮೇಲೆ ಮತ್ತೆ ಎದ್ದು ಬಂದದ್ದು ಶನಿವಾರದ ಸಬ್ಬತ್, ಅಂದರೆ ಯೆಹೂದಿಗಳ ವಿಶ್ರಾಂತಿ ದಿನ, ಕಳೆದ ಮರುದಿನ. ಆ ಭಾನುವಾರವನ್ನು ಎಂಟನೆಯ ದಿನ ಎಂದು ಎಣಿಸಿದರು, ಏಳರ ಸುತ್ತು ಮುಗಿದ ಮೇಲಿನ ಹೊಸ ಸೃಷ್ಟಿಯ ದಿನ ಅಂತ. ನೀರಿಗಿಳಿದು ಏಳುವವನು ಹೊಸ ಬದುಕಿಗೆ ಏಳುತ್ತಾನೆ, ಅದಕ್ಕೇ ಎಂಟು ಬದಿ. ಬೈಬಲ್‌ನಲ್ಲಿರುವ ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ಜಲಪ್ರಳಯದಲ್ಲಿ ನೋಹನ ನಾವೆಯಲ್ಲಿ ಉಳಿದವರು ಎಂಟು ಜನ ಎಂದು ಹೇಳಿ, ಅದನ್ನೇ ದೀಕ್ಷಾಸ್ನಾನಕ್ಕೆ ಹೋಲಿಸಿದ್ದಾರೆ. ಯೆಹೂದಿಗಳಲ್ಲಿ ಗಂಡುಮಗುವಿಗೆ ಸುನ್ನತಿ ಮಾಡುವುದು ಎಂಟನೆಯ ದಿನ.

ಧಾರವಾಡದ ಓದುಗ:
"ಎಲ್ಲರಲ್ಲೂ ಒಂದೇ ಅರ್ಥ" ಅನ್ನುವ ಮಾತು ನಮ್ಮ ನಾಡಿನೊಳಗೇ ನಿಲ್ಲುವುದಿಲ್ಲ. ಲಿಂಗಾಯತರಲ್ಲಿ ಅಷ್ಟಾವರಣ ಇದೆ: ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ. ಇವು ಭಕ್ತನನ್ನು ಕಾಯುವ ಎಂಟು. ಜೈನರಲ್ಲಿ ಕರ್ಮದ ಬಗೆ ಎಂಟು. ಅವು ಜೀವವನ್ನು ಕಟ್ಟಿಹಾಕುವ ಎಂಟು, ಅವನ್ನು ಕಳಚಿದರೇ ಬಿಡುಗಡೆ. ಬುದ್ಧನ ದಾರಿಗೂ ಎಂಟು ಅಂಗ, ಅದಕ್ಕೇ ಧರ್ಮಚಕ್ರಕ್ಕೆ ಸಾಮಾನ್ಯವಾಗಿ ಎಂಟು ಕಡ್ಡಿ. ಕಾಯುವುದು, ಕಟ್ಟುವುದು, ನಡೆಯುವುದು, ಮೂರೂ ಬೇರೆ ಬೇರೆ. ಇದನ್ನೆಲ್ಲ ಒಂದೇ ಅಂದರೆ ಮೂವರ ಮಾತನ್ನೂ ಕೇಳಿಸಿಕೊಂಡ ಹಾಗಾಗುವುದಿಲ್ಲ. ನನಗೆ ಇದು ಬೇಸರ ತರುವ ವಿಷಯ.

ಪೂಜೆಮನೆ:
ನಾನು ಪೂರ್ತಿ ಒಪ್ಪುವುದಿಲ್ಲ ಸರ್. ನಾಲ್ಕು ದಿಕ್ಕು, ನಡುವೆ ನಾಲ್ಕು ಮೂಲೆ, ಇದು ಯಾವ ದೇಶದಲ್ಲಿ ನಿಂತರೂ ಎಂಟೇ. ದೇವಸ್ಥಾನದ ಒಳಮಾಡಿನಲ್ಲಿ ಅಷ್ಟದಿಕ್ಪಾಲಕರು, ಶ್ರೀಚಕ್ರದಲ್ಲಿ ಎಂಟು ದಳ. ಮೂಲ ಒಂದೇ ಇರಬೇಕಿಲ್ಲ, ಆದರೆ ಆಕಾಶ ಒಂದೇ ಅಲ್ವಾ?

ಧಾರವಾಡದ ಓದುಗ:
ಅದು ಒಪ್ಪುವ ಮಾತು. ದಿಕ್ಕಿನ ವಿಷಯಕ್ಕೆ ನನ್ನ ತಕರಾರಿಲ್ಲ. ಗುಪ್ತ ಅರ್ಥ ಅಂದಿದ್ದಕ್ಕೆ ಮಾತ್ರ.

ಚುಕ್ಕಿಸಾಲು:
ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಲಾ? ಆರು ಮೂಲೆಯ ನಕ್ಷತ್ರ ಇಸ್ರೇಲಿನ ಬಾವುಟದಲ್ಲೂ ಇದೆ, ನಮ್ಮ ಸುಬ್ರಹ್ಮಣ್ಯ ಯಂತ್ರದಲ್ಲೂ ಇದೆ. ಅದರ ಕಥೆಯೂ ಹೀಗೇನಾ?

ಗಾರೆಕೆಲಸ:
ದೆಹಲಿಯ ಹುಮಾಯೂನ್ ಸಮಾಧಿಗೆ ಹೋದರೆ ದೊಡ್ಡ ಕಮಾನಿನ ಎರಡೂ ಬದಿಗೆ ನೋಡಿ, ಆರು ಮೂಲೆ ನಕ್ಷತ್ರ ಅಲ್ಲೂ ಇದೆ. ಅದು 16ನೇ ಶತಮಾನದ್ದು. ಯೆಹೂದಿಗಳ ಹಳೆಯ ಗುರುತು ಏಳು ಕವಲಿನ ದೀಪ. ನಕ್ಷತ್ರವೂ ಅಲ್ಲಲ್ಲಿ ಬಳಕೆಯಲ್ಲಿತ್ತು, ಆದರೆ ಇಡೀ ಸಮುದಾಯದ ಗುರುತಾಗಿ ಎಲ್ಲೆಡೆ ಹರಡಿದ್ದು ಬಹಳ ಈಚೆಗೆ.

ಪೂಜೆಮನೆ:
ಸುಬ್ರಹ್ಮಣ್ಯ ಯಂತ್ರದ ಷಟ್ಕೋಣದಲ್ಲಿ ಮೂಲೆಗೊಂದರಂತೆ ಶ, ರ, ವ, ಣ, ಭ, ವ ಅಂತ ಆರು ಅಕ್ಷರ ಬರೆಯುತ್ತಾರೆ. ಆರು ಮುಖದ ದೇವರಿಗೆ ಆರು ಮೂಲೆ. ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ, ಇಬ್ಬರೂ ಸೇರಿದಲ್ಲಿ ಹುಟ್ಟಿದವನು ಷಣ್ಮುಖ. ಮಗಳಿಗೆ ಇದನ್ನೂ ಬರೆಸಿ ತೋರಿಸಿ, ಮೊದಲು ಒಂದು ತ್ರಿಕೋನ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು.