ಬೆಕ್ಕಿನ ಬಸಿರು, ಬಾಣಂತನ: ಕೆಲವು ಪದಗಳ ಬಳಕೆ ಕುರಿತು

ಮಾನ್ಯರೇ,

ಸಕಲೇಶಪುರ, ಆಲೂರು ಕಡೆ ಬೆಕ್ಕು ಸಾಕಿರುವ ಮನೆಗಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಾಸನ ಸೀಮೆಯಲ್ಲಿ ಹೈನುಗಾರಿಕೆ ಬಲವಾಗಿರುವುದರಿಂದ ಬೆದೆ (ಕೂಡಲು ಹಾತೊರೆಯುವ ಕಾಲ), ಗಬ್ಬ (ಬಸಿರು), ಸೂಲು (ಒಂದು ಹೆರಿಗೆ), ಕಂದು ಹಾಕುವುದು (ಗರ್ಭಪಾತ), ಕಸ ಬೀಳುವುದು (ಮಾಸು ಹೊರಬರುವುದು) ಎಂಬ ಮಾತುಗಳನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಕ್ಕಿಗೂ ಇವೇ ಸಲ್ಲುತ್ತವೆ. ಆದರೆ ಕೊಟ್ಟಿಗೆಯಿಂದಲೋ ಬಾಣಂತಿ ಕೋಣೆಯಿಂದಲೋ ಬಂದ ಕೆಲವು ಪದಗಳು ಅಲ್ಲಿಯ ಆರೈಕೆಯನ್ನೂ ಜೊತೆಗೆ ಎಳೆದು ತರುತ್ತವೆ ಎಂಬುದೇ ನನ್ನ ತೊಡಕು.

‘ಹಾಲುಜ್ವರ’ವನ್ನೇ ನೋಡಿ. ಈದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಅದು ಕುಸಿದು ಮಲಗುತ್ತದೆ, ಕಿವಿ ತಣ್ಣಗಾಗುತ್ತದೆ. ಹೆಸರಿನಲ್ಲಿರುವ ಜ್ವರ ಮೈಯಲ್ಲಿರುವುದಿಲ್ಲ. ಹಾಲೂಡುವ ಬೆಕ್ಕಿನಲ್ಲೂ ಕ್ಯಾಲ್ಸಿಯಂ ಇಳಿಯುವುದುಂಟು, ಆದರೆ ಅಲ್ಲಿ ಚಡಪಡಿಕೆ, ಕಾಲು ಸೆಟೆಯುವುದು, ನಡುಕ, ಕೊನೆಗೆ ಸೆಳೆತ ಕಾಣಿಸಿಕೊಂಡು, ಆ ನಡುಕದಿಂದಲೇ ಮೈ ಬಿಸಿಯಾಗಬಹುದು. ಹೀಗಾಗಿ ಪದ ಹಸುವಿಗಿಂತ ಬೆಕ್ಕಿಗೇ ಹೆಚ್ಚು ಒಪ್ಪುವಂತೆ ತೋರುತ್ತದೆ. ಅಪಾಯವೂ ಅಲ್ಲೇ ಇದೆ. ಜ್ವರವೆಂದು ಓದಿದವರ ಕೈ ಮೊದಲು ಹೋಗುವುದು ಪ್ಯಾರಾಸಿಟಮಾಲ್ ಮಾತ್ರೆಗೆ, ಅದು ಬೆಕ್ಕಿಗೆ ಪ್ರಾಣಾಂತಿಕ ವಿಷ. ಪಶುವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಡಬೇಕಾದ ತುರ್ತು ಸ್ಥಿತಿಗೆ ‘ಈದವಳ ನಡುಕ’ ಎಂದು ಬರೆಯಲು ನನಗೆ ಮನಸ್ಸಿದೆ. ಊರಲ್ಲಿ ನೆಲೆಯೂರಿದ ಪದವನ್ನು ಬಿಡುವುದು ಸರಿಯೇ ಎಂಬುದು ನನ್ನ ಮೊದಲ ಪ್ರಶ್ನೆ.

‘ಬಾಣಂತಿ ಬೆಕ್ಕು’ ಎಂಬ ಮಾತು ಕಿವಿಗೆ ಹಿತವಾಗಿದೆ, ಆದರೆ ನಮ್ಮ ಬಾಣಂತನವೆಂದರೆ ಪಥ್ಯ. ಹಳೆಯ ಮನೆಗಳಲ್ಲಿ ನೀರನ್ನೂ ಅಳೆದು ಕೊಡುತ್ತಿದ್ದರು. ಬೆಕ್ಕಿಗೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ: ಹಾಲು ಹೆಚ್ಚಾಗಿರುವ ವಾರಗಳಲ್ಲಿ ಅದು ಮಾಮೂಲಿಗಿಂತ ಎರಡು, ಮೂರು ಪಟ್ಟು ತಿನ್ನಬಲ್ಲದು, ನೀರು ಸದಾ ಎದುರಿಗಿರಬೇಕು, ಮರಿಗಳಿಗಾಗಿ ಮಾಡಿದ ಆಹಾರವನ್ನೇ ತಾಯಿಗೂ ಕೊಡುವುದು ಒಳ್ಳೆಯದು. ಬೆಚ್ಚನೆಯ ಕತ್ತಲ ಮೂಲೆಯ ಮಟ್ಟಿಗೆ ಮಾತ್ರ ಬಾಣಂತಿ ಕೋಣೆಗೂ ಬೆಕ್ಕಿನ ಗೂಡಿಗೂ ಹೊಂದಿಕೆಯಿದೆ. ಆದ್ದರಿಂದ ‘ಹಾಲೂಡುವ ಬೆಕ್ಕು’ ಎಂದೇ ಇಟ್ಟುಕೊಂಡಿದ್ದೇನೆ. ಬೆಕ್ಕಿನ ಮೊಲೆಗಳು ಹೊಟ್ಟೆಯಡಿ ಎರಡು ಸಾಲಾಗಿರುವುದರಿಂದ ‘ಕೆಚ್ಚಲುಬಾವು’ ಹೊಂದುವುದಿಲ್ಲ, ‘ಮೊಲೆಬಾವು’ ಸಾಕು.

ಅಪರೂಪದ ಬಸಿರುಗಳಲ್ಲಿ ‘ಹುಸಿಬಸಿರು’ ಸುಲಭ: ಕೂಡಿಕೆಯಾಗಿಯೂ ಮರಿ ನಿಲ್ಲದೆ, ಸುಮಾರು 40 ದಿನ ಕಳೆದು ಮತ್ತೆ ಬೆದೆಗೆ ಬರುವ ಸ್ಥಿತಿ. ಪೆಟ್ಟು ಬಿದ್ದೋ ಬೇರೆ ಕಾರಣಕ್ಕೋ ಗರ್ಭಕೋಶ ಹರಿದು, ಮರಿ ಹೊಟ್ಟೆಯೊಳಗೆ ಜಾರಿ ಸತ್ತು ಒಣಗಿ ಉಳಿಯುವುದನ್ನು ‘ಹೊರಬಸಿರು’ ಎನ್ನಬಹುದು. ‘ಗರ್ಭಕೋಶದ ಹೊರಗಿನ ಬಸಿರು’ ಎಂದು ಒಮ್ಮೆ ಬಿಡಿಸಿ ಹೇಳಿದರೆ ಅರ್ಥ ಕೆಡದು.

ಕಷ್ಟವಿರುವುದು ಇನ್ನೆರಡರಲ್ಲಿ. ಬೆಕ್ಕಿಗೆ ಸಾಮಾನ್ಯವಾಗಿ ಕೂಡಿದ ಮೇಲಷ್ಟೇ ಅಂಡ ಬಿಡುಗಡೆಯಾಗುತ್ತದೆ, ಒಂದೇ ಬೆದೆಯಲ್ಲಿ ಅದು ಹಲವು ಗಂಡುಗಳನ್ನು ಕೂಡಬಲ್ಲದು. ಆದ್ದರಿಂದ ಒಂದೇ ಸೂಲಿನ ಮರಿಗಳಿಗೆ ತಂದೆ ಬೇರೆ ಬೇರೆಯಾಗಿರುವುದು ನಿಜವಾಗಿ ನಡೆಯುವ ಸಂಗತಿ. ಇದಕ್ಕೆ ‘ಬಹುಪಿತೃಕ ಗರ್ಭ’ ಎಂದರೆ ಶಾಸ್ತ್ರಗ್ರಂಥದ ವಾಸನೆ, ‘ಹಲತಂದೆ ಸೂಲು’ ಎಂದರೆ ತೀರ ಹೊಸದಾಗಿ ಕಟ್ಟಿದಂತೆ ತೋರುತ್ತದೆ. ಎರಡನೆಯದು, ಗಬ್ಬವಾಗಿರುವಾಗಲೇ ಮತ್ತೊಂದು ಗಬ್ಬ ನಿಲ್ಲುವುದು. ಬೆಕ್ಕಿನಲ್ಲಿ ಇದು ಖಚಿತವಾಗಿ ಸಿದ್ಧವಾದದ್ದಲ್ಲ, ಆದರೂ ಜನ ಕೇಳುತ್ತಾರೆ. ‘ಬಸಿರ ಮೇಲೆ ಬಸಿರು’ ಎಂದು ಬರೆದರೆ, ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗುವ ಮಾಮೂಲಿ ಸಂಗತಿಯೆಂದೇ ಓದುಗರು ತಿಳಿಯುತ್ತಾರೆ. ‘ಬಸಿರೊಳಗೆ ಬಸಿರು’ ಇದಕ್ಕಿಂತ ವಾಸಿಯೇ? ಹಲವು ತಂದೆಯರ ಮರಿಗಳಿಗೆ ಅರಕಲಗೂಡು, ಮೂಡಿಗೆರೆ, ಕೊಪ್ಪದ ಕಡೆ ಬಳಕೆಯ ಮಾತೇನಾದರೂ ಇದ್ದರೆ, ಅದನ್ನು ನಾಯಿಗೆ ಹೇಳುವರೋ ಬೆಕ್ಕಿಗೂ ಹೇಳುವರೋ ಎಂಬುದರ ಸಹಿತ ತಿಳಿಸಬೇಕೆಂದು ಕೋರುತ್ತೇನೆ.