‘ದೃಢೀಕರಿಸಿ’ ಎಂದರೆ ಗುರುತು ತೋರಿಸುವುದೋ, ಸಹಿ ಹಾಕುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ‘ದೃಢೀಕರಿಸಿ’ ಎಂಬ ಪದದ ಬಗ್ಗೆ. ಅದರ ಜೊತೆಗೆ ಇನ್ನೊಂದೆರಡು ಪದಗಳೂ ಇವೆ.

ಆನ್‌ಲೈನ್ ಬ್ಯಾಂಕಿಂಗ್‌ಗೆ ಲಾಗಿನ್ ಆಗಲು ಕೆಲವು ಬ್ಯಾಂಕುಗಳು ಒಂದು ಪುಟ್ಟ ಯಂತ್ರ ಕೊಡುತ್ತವೆ ಅಲ್ವಾ? ಕೆಲವಕ್ಕೆ ಒಂದೇ ಗುಂಡಿ. ಕೆಲವು ಕ್ಯಾಲ್ಕುಲೇಟರ್ ತರ ಇರುತ್ತವೆ. ಇನ್ನು ಕೆಲವಕ್ಕೆ ಕಾರ್ಡ್ ತೂರಿಸಲು ಸಂದಿ ಇರುತ್ತದೆ. ಗುಂಡಿ ಒತ್ತಿದರೆ ಆರೋ ಎಂಟೋ ಅಂಕಿ ಕಾಣುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಮಾತ್ರ ಒಳಗೆ ಬಿಡುತ್ತಾರೆ. ಈ ಯಂತ್ರ ಬಳಸುವ ಬಗೆಯನ್ನು ನಮ್ಮ ಚಿಕ್ಕಮ್ಮನಿಗೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಅವರು ಲೆಕ್ಕದಲ್ಲಿ ಚುರುಕು. ಯಾವ ಕಾಗದವನ್ನೂ ಓದದೆ ಮುಂದಿಡುವವರಲ್ಲ. ಆದರೂ ಈ ಯಂತ್ರ ಕೈಗೆ ತೆಗೆದುಕೊಂಡರೆ ಅವರಿಗೆ ರೇಜಿಗೆ. ಪಕ್ಕದಲ್ಲಿ ಕೂತು ನೋಡಿದರೆ ತಿಳಿಯುತ್ತದೆ: ಅವರು ತಡವರಿಸುವುದು ಗುಂಡಿಗಳ ಹತ್ತಿರ ಅಷ್ಟೇ ಅಲ್ಲ, ಮಾತುಗಳ ಹತ್ತಿರವೂ.

ತೆರೆಯ ಮೇಲೆ ಬರುವ ಸೂಚನೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಮುಂದುವರಿಯಲು ನಿಮ್ಮ ಸಾಧನವನ್ನು ಬಳಸಿ ದೃಢೀಕರಿಸಿ.’ ಲಾಗಿನ್ ಆಗುವಾಗ ಇದೇ ಮಾತು. ಹೊಸಬರ ಖಾತೆಗೆ ದುಡ್ಡು ಕಳಿಸುವಾಗಲೂ ಇದೇ ಮಾತು. ಫೋನ್ ನಂಬರ್ ಬದಲಿಸಲು ಹೋದರೂ ಇದೇ ಮಾತು. ಓದುವವರಿಗೆ ಇವೆಲ್ಲ ಒಂದೇ ಕೆಲಸದ ಹಾಗೆ ಕಾಣುತ್ತವೆ. ಆದರೆ ಒಂದೇ ಕೆಲಸ ಅಲ್ಲ. ಮೊದಲನೆಯದರಲ್ಲಿ ‘ನಾನು ಇಂಥವಳು’ ಎಂದು ತೋರಿಸುತ್ತೇನೆ. ಎರಡನೆಯದರಲ್ಲಿ ‘ಇಷ್ಟು ದುಡ್ಡು ಇವರಿಗೆ ಹೋಗಲಿ’ ಎಂದು ಒಪ್ಪುತ್ತೇನೆ.

ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ‘ಸುದ್ದಿ ದೃಢಪಟ್ಟಿದೆ’ ಅನ್ನುತ್ತೇವೆ. ‘ದೃಢೀಕೃತ ನಕಲು’ ಅನ್ನುತ್ತೇವೆ. ‘ದೃಢೀಕರಣ ಪತ್ರ’ ಅನ್ನುತ್ತೇವೆ. ನಕಲನ್ನು ದೃಢೀಕರಿಸುವವರು ಅದನ್ನು ತಂದವರಲ್ಲ, ಮೇಜಿನ ಆಚೆ ಕೂತ ಅಧಿಕಾರಿ. ತಂದವರು ತೋರಿಸುತ್ತಾರೆ, ಅಧಿಕಾರಿ ನೋಡಿ ಸರಿ ಅನ್ನುತ್ತಾರೆ. ಲಾಗಿನ್‌ನಲ್ಲೂ ಅಷ್ಟೇ. ಅಂಕಿ ತೋರಿಸುವುದು ನಾನು, ದೃಢೀಕರಿಸುವುದು ಬ್ಯಾಂಕು. ಹಾಗಿರುವಾಗ ‘ನೀವು ದೃಢೀಕರಿಸಿ’ ಎಂದರೆ ಯಾರು ಮಾಡುವ ಕೆಲಸವನ್ನು ಯಾರಿಗೆ ಹೇಳಿದಂತಾಯಿತು? ದುಡ್ಡು ಕಳಿಸುವಾಗ ಮಾತ್ರ ‘ದೃಢೀಕರಿಸಿ’ ನಿಜವಾಗಿ ನನಗೆ ಸಲ್ಲುವ ಮಾತು. ಅಲ್ಲಿ ಖಚಿತಪಡಿಸಬೇಕಾದವಳು ನಾನೇ. ಒಂದೇ ಕ್ರಿಯಾಪದ, ಆದರೆ ಮಾಡುವವರು ಅದಲುಬದಲು. ಚಿಕ್ಕಮ್ಮನಿಗೆ ಗೊಂದಲ ಆಗುವುದರಲ್ಲಿ ಏನೂ ವಿಚಿತ್ರ ಇಲ್ಲ.

ಇದು ಬರೀ ವ್ಯಾಕರಣದ ಮಾತಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕಳ್ಳರು ಕೈ ಹಾಕುವುದೇ ಈ ಜಾಗಕ್ಕೆ. ಬ್ಯಾಂಕಿನವರ ಹಾಗೆ ಫೋನ್ ಮಾಡುತ್ತಾರೆ. ‘ನಿಮ್ಮ ಯಂತ್ರ ಸರಿಯಾಗಿದೆಯಾ ಅಂತ ನೋಡ್ಬೇಕು, ಸುಮ್ನೆ ಒಂದ್ಸಲ ದೃಢೀಕರಿಸಿ’ ಅನ್ನುತ್ತಾರೆ. ಯಂತ್ರದಲ್ಲಿ ಯಾವ ಅಂಕಿ ಒತ್ತಬೇಕು ಅಂತಲೂ ಹೇಳುತ್ತಾರೆ. ಆ ಅಂಕಿ ಕಳ್ಳನ ಖಾತೆಯ ನಂಬರ್ ಇರಬಹುದು, ಕಳಿಸಬೇಕಾದ ಮೊತ್ತ ಇರಬಹುದು. ಯಂತ್ರ ಕೊಟ್ಟ ಉತ್ತರವನ್ನು ಫೋನಿನಲ್ಲಿ ಓದಿ ಹೇಳಿದರೆ ಮುಗಿಯಿತು, ದುಡ್ಡು ಹೋಯಿತು. ಹೇಳಿದವರಿಗೆ ‘ನಾನು ಯಾರು ಎಂದು ಹೇಳಿದೆ’ ಎಂಬ ಭಾವನೆ. ಬ್ಯಾಂಕಿನ ಲೆಕ್ಕದಲ್ಲಿ ಅವರು ಸಹಿ ಹಾಕಿ ಆಗಿದೆ.

2009ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಬ್ಯಾಂಕುಗಳು ಕೊಡುತ್ತಿದ್ದ ಕಾರ್ಡ್ ರೀಡರ್‌ಗಳನ್ನು ಪರೀಕ್ಷಿಸಿ ಇಂಥದ್ದೇ ದೋಷವನ್ನು ಎತ್ತಿ ತೋರಿಸಿದ್ದರು. ಅಂಕಿ ಒತ್ತುವ ಒಂದೇ ಖಾನೆಗೆ ಒಮ್ಮೆ ಒಂದು ಅರ್ಥ, ಇನ್ನೊಮ್ಮೆ ಬೇರೆ ಅರ್ಥ ಕೊಟ್ಟಿದ್ದಾರೆ, ಇದರಿಂದ ಜನರನ್ನು ಮಾತಿನಲ್ಲಿ ಮರುಳು ಮಾಡುವುದು ಸುಲಭವಾಗುತ್ತದೆ ಎಂಬುದು ಅವರ ಆಕ್ಷೇಪ. ಆ ರೀಡರ್‌ಗಳ ಮೇಲೆ ಮೂರು ಗುಂಡಿ ಇರುತ್ತವೆ: ‘ಐಡೆಂಟಿಫೈ’, ‘ರೆಸ್ಪಾಂಡ್’, ‘ಸೈನ್’. ಅಂದರೆ ಇಂಗ್ಲಿಷ್‌ನಲ್ಲಿ ಕನಿಷ್ಠ ಮೂರು ಪದ ಇವೆ. ಹಾಗಂತ ಅಲ್ಲಿ ಎಲ್ಲ ಸಲೀಸು ಅಂತಲ್ಲ. ಕಂಪ್ಯೂಟರಿನ ತೆರೆ ‘ಸೈನ್ ಇನ್’ ಅನ್ನುತ್ತದೆ, ಕೈಯಲ್ಲಿರುವ ಯಂತ್ರದ ಮೇಲೆ ‘ಸೈನ್’ ಎಂಬ ಗುಂಡಿ ಇದೆ. ಒಳಗೆ ಹೋಗಲು ಯಾವುದನ್ನು ಒತ್ತುತ್ತೀರಿ? ಹೆಚ್ಚಿನವರ ಬೆರಳು ‘ಸೈನ್’ ಕಡೆಗೇ ಹೋದರೆ ತಪ್ಪು ಬೆರಳಿನದಲ್ಲ. ಒಳಗೆ ಹೋಗಲು ಬೇಕಾದದ್ದು ಬೇರೆ ಗುಂಡಿ.

ಯುರೋಪಿನ ಒಕ್ಕೂಟದ ನಿಯಮ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. 2019ರ ಸೆಪ್ಟೆಂಬರ್ 14ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಆನ್‌ಲೈನ್ ಪಾವತಿಗೆ ಬಳಸುವ ಕೋಡ್ ಆ ಮೊತ್ತಕ್ಕೆ, ಆ ಪಡೆಯುವವರಿಗೆ ಮಾತ್ರ ಅಂಟಿಕೊಂಡಿರಬೇಕು. ಮೊತ್ತ ಎಷ್ಟು, ಹೋಗುವುದು ಯಾರಿಗೆ ಎನ್ನುವುದು ಕಳಿಸುವವರಿಗೆ ಕಾಣಬೇಕು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕಾಣುವ ಆ ಸಾಲಿನ ಪಕ್ಕದಲ್ಲೇ ಮತ್ತೆ ‘ದೃಢೀಕರಿಸಿ’ ಎಂದು ಬರೆದರೆ ಅರ್ಧ ಲಾಭ ಸೋರಿಹೋಗುತ್ತದೆ.

ಹಾಗಾಗಿ ಚಿಕ್ಕಮ್ಮನ ಪುಟದಲ್ಲಿ ನಾನು ಎರಡು ಪದ ಬೇರೆ ಮಾಡಿದ್ದೇನೆ. ಲಾಗಿನ್ ಆಗುವಾಗ ‘ಗುರುತು ತೋರಿಸಿ’. ದುಡ್ಡು ಕಳಿಸುವಾಗ ‘ಸಹಿ ಹಾಕಿ’.

‘ಗುರುತು ತೋರಿಸಿ’ ಬಗ್ಗೆ ನನಗೆ ಅಷ್ಟು ಅನುಮಾನ ಇಲ್ಲ. ‘ಗುರುತಿನ ಚೀಟಿ’ ಎಲ್ಲರಿಗೂ ಗೊತ್ತು. ‘ಸಹಿ’ಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಅದರ ಪರವಾಗಿ ಹೇಳುವುದಾದರೆ, ಸಹಿ ಎಂದ ತಕ್ಷಣ ಕನ್ನಡದವರು ಒಂದು ಕ್ಷಣ ನಿಲ್ಲುತ್ತಾರೆ. ಎಲ್ಲೆಂದರಲ್ಲಿ ಸಹಿ ಹಾಕಬಾರದು ಎಂಬುದು ಓದು ಬಾರದವರಿಗೂ ಗೊತ್ತಿರುವ ಮಾತು. ‘ಫೋನಿನಲ್ಲಿ ಯಾರೇ ಕೇಳಿದರೂ ಈ ಅಂಕಿ ಹೇಳಬೇಡಿ, ಇದು ನಿಮ್ಮ ಸಹಿ’ ಎಂದರೆ ಬೇರೆ ವಿವರಣೆಯೇ ಬೇಡ. ವಿರುದ್ಧವಾಗಿ ಹೇಳುವುದಾದರೆ, ‘ಡಿಜಿಟಲ್ ಸಹಿ’ ಎಂಬ ಮಾತು ಆಗಲೇ ಬಳಕೆಯಲ್ಲಿದೆ. ಅದಕ್ಕೆ ಕಾನೂನಿನಲ್ಲಿ ಬೇರೆಯೇ ಅರ್ಥ ಇದೆ. ಎರಡನ್ನೂ ಬೆರೆಸಿದಂತಾಗುತ್ತದಾ?

‘ಒಪ್ಪಿಗೆ ಕೊಡಿ’ ಎಂದೂ ಬರೆದು ನೋಡಿದೆ. ತುಂಬ ಸೌಮ್ಯ ಅನ್ನಿಸಿತು. ‘ನಾನು ಒಪ್ಪುತ್ತೇನೆ’ ಎಂಬ ಚೌಕಕ್ಕೆ ಜನ ಓದದೆ ಟಿಕ್ ಹಾಕಿ ಹಾಕಿ ಆ ಪದದ ತೂಕ ಇಳಿದಿದೆ. ‘ರುಜು ಹಾಕಿ’ ನನಗೆ ಇಷ್ಟ, ಹಳ್ಳಿಯ ಹಿರಿಯರ ಬಾಯಲ್ಲಿ ಈಗಲೂ ಇರುವ ಪದ. ಆದರೆ ತೆರೆಯ ಮೇಲೆ ‘ರುಜುವಾತುಗಳು’ ಎಂದು ಬರುತ್ತದಲ್ಲ, ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನೂ ಸೇರಿಸಿ ಹೇಳಲು. ರುಜು ಒಂದು ಕಡೆ, ರುಜುವಾತು ಇನ್ನೊಂದು ಕಡೆ, ಮತ್ತದೇ ಗೋಜಲು. ಅದಕ್ಕೇ ಸದ್ಯಕ್ಕೆ ‘ಸಹಿ’ ಉಳಿಸಿಕೊಂಡಿದ್ದೇನೆ.

ಇನ್ನು ‘ಬರುತ್ತದೆ’. ‘ಒಟಿಪಿ ಬಂತಾ?’ ಎನ್ನುವುದು ಈಗ ಎಲ್ಲರ ಮಾತು. ಎಸ್‌ಎಂಎಸ್ ವಿಷಯದಲ್ಲಿ ಅದು ನೂರಕ್ಕೆ ನೂರು ಸರಿ, ಬ್ಯಾಂಕು ಕಳಿಸುತ್ತದೆ, ಫೋನಿಗೆ ಬರುತ್ತದೆ. ಆ ರೂಢಿಯಲ್ಲೇ ಯಂತ್ರದ ಬಗ್ಗೆಯೂ ‘ಗುಂಡಿ ಒತ್ತಿ, ಕೋಡ್ ಬರುತ್ತದೆ’ ಎಂದು ಬರೆಯುತ್ತಾರೆ. ಚಿಕ್ಕಮ್ಮ ಯಂತ್ರ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು. ಸಿಗ್ನಲ್ ಚೆನ್ನಾಗಿ ಸಿಗಲಿ ಅಂತ. ಆ ಯಂತ್ರಕ್ಕೆ ಸಿಗ್ನಲ್ಲೇ ಬೇಕಿಲ್ಲ. ಅದು ಯಾರ ಜೊತೆಗೂ ಮಾತಾಡುವುದಿಲ್ಲ. ಒಳಗೆ ಒಂದು ಗುಟ್ಟಿನ ಸಂಖ್ಯೆ ಇದೆ, ಒಂದು ಗಡಿಯಾರ ಇದೆ. ಅದೇ ಗುಟ್ಟು ಬ್ಯಾಂಕಿನ ಹತ್ತಿರವೂ ಇದೆ. ಇಬ್ಬರೂ ಈಗಿನ ಹೊತ್ತನ್ನು ಆ ಗುಟ್ಟಿಗೆ ಸೇರಿಸಿ ಒಂದೇ ಲೆಕ್ಕ ಮಾಡುತ್ತಾರೆ, ಉತ್ತರ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಇಂಥ ಗಡಿಯಾರದ ಕೋಡ್‌ಗಳಿಗಾಗಿ 2011ರಲ್ಲಿ ಪ್ರಕಟವಾದ ಮಾನದಂಡ 30 ಸೆಕೆಂಡಿಗೊಂದು ಹೊಸ ಸಂಖ್ಯೆ ಎಂದು ಸೂಚಿಸಿತು. 60 ಸೆಕೆಂಡ್ ಇರುವ ಯಂತ್ರಗಳೂ ಇವೆ. ಗಡಿಯಾರವೇ ಇಲ್ಲದ ಇನ್ನೊಂದು ಜಾತಿ ಇದೆ, ಅದರ ಮಾನದಂಡ 2005ರದು. ಅದು ಎಷ್ಟು ಸಲ ಗುಂಡಿ ಒತ್ತಿದಿರಿ ಎಂದು ಎಣಿಸುತ್ತಾ ಹೋಗುತ್ತದೆ.

ಆದ್ದರಿಂದ ಇಲ್ಲಿ ಕೋಡ್ ಎಲ್ಲಿಂದಲೂ ಬರುವುದಿಲ್ಲ. ‘ಉತ್ಪತ್ತಿಯಾಗುತ್ತದೆ’ ಕಾರ್ಖಾನೆಯ ಮಾತಾಯಿತು. ‘ಜನರೇಟ್ ಆಗುತ್ತದೆ’ ಎಂದರೆ ಚಿಕ್ಕಮ್ಮನಿಗೆ ಏನೂ ಹೇಳಿದಂತಾಗಲಿಲ್ಲ. ನಾನು ‘ಕೋಡ್ ಮೂಡುತ್ತದೆ’ ಎಂದು ಬರೆದಿದ್ದೇನೆ. ಅಕ್ಷರ ಮೂಡುವುದು, ಚಿತ್ರ ಮೂಡುವುದು ನಮ್ಮಲ್ಲಿ ಇದ್ದೇ ಇದೆ. ಇದ್ದ ಜಾಗದಲ್ಲೇ ಕಾಣಿಸಿಕೊಳ್ಳುವುದು ಎಂಬ ಅರ್ಥ ಅದರಲ್ಲೇ ಇದೆ. ಓದಿದವರು ಕಿಟಕಿಗೆ ಹೋಗುವುದಿಲ್ಲ. ಇದಕ್ಕೆ ಯಾರದಾದರೂ ತಕರಾರು ಇದ್ದರೆ ಹೇಳಿ.

ಅತಿ ಹೆಚ್ಚು ಸಿಟ್ಟು ಬರಿಸುವ ಪದ ಮಾತ್ರ ‘ಅಮಾನ್ಯ’. ‘ನೀವು ನಮೂದಿಸಿದ ಸಂಖ್ಯೆ ಅಮಾನ್ಯವಾಗಿದೆ.’ ಯಾಕೆ ಅಂತ ಹೇಳುವುದಿಲ್ಲ. ಕಾರಣಗಳೋ ಹಲವು. ಅಂಕಿ ತಪ್ಪಾಗಿ ಒತ್ತಿರಬಹುದು. ಈ ಯಂತ್ರಗಳ ಅಂಕಿ ಸಣ್ಣ ಸಣ್ಣ ಏಳು ಗೀರುಗಳಿಂದ ಆದದ್ದು. ಬ್ಯಾಟರಿ ಸೊರಗಿ ಒಂದು ಗೀರು ಮಂಕಾದರೆ 8 ಹೋಗಿ 6 ಆಗುತ್ತದೆ, ಇಲ್ಲವೇ 9 ಆಗುತ್ತದೆ, 0 ಕೂಡ ಆಗಬಹುದು. ಕನ್ನಡಕ ಒರೆಸಿಕೊಂಡು, ಯಂತ್ರವನ್ನು ದೀಪದ ಕಡೆಗೆ ವಾಲಿಸಿ, ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳುತ್ತಾ ಒತ್ತುವವರಿಗೆ 30 ಸೆಕೆಂಡ್ ಏನೂ ಅಲ್ಲ. ಕೊನೆಯ ಅಂಕಿ ಒತ್ತುವಷ್ಟರಲ್ಲಿ ಯಂತ್ರದ ಮೇಲೆ ಬೇರೆಯೇ ಸಂಖ್ಯೆ ಕೂತಿರುತ್ತದೆ. ಇದು ಎರಡನೆಯ ಕಾರಣ. ಮೂರನೆಯದು ಬಳಸುವವರ ಕೈಯಲ್ಲೇ ಇಲ್ಲ. ಯಂತ್ರದ ಗಡಿಯಾರ ವರ್ಷಗಳು ಕಳೆದಂತೆ ಸ್ವಲ್ಪ ಹಿಂದೆ ಬೀಳುತ್ತದೆ, ಇಲ್ಲವೇ ಮುಂದೆ ಓಡುತ್ತದೆ. ಎಣಿಸುವ ಜಾತಿಯ ಯಂತ್ರವಾದರೆ ಮಕ್ಕಳು ಆಟಕ್ಕೆ ಗುಂಡಿ ಒತ್ತಿ ಒತ್ತಿ ಎಣಿಕೆಯನ್ನು ಎಲ್ಲೋ ಮುಂದಕ್ಕೆ ಒಯ್ದಿರುತ್ತಾರೆ. ಬ್ಯಾಂಕಿನ ಕಡೆಯವರು ಸ್ವಲ್ಪ ಆಚೀಚೆ ಆದರೆ ಸಹಿಸಿಕೊಳ್ಳುತ್ತಾರೆ. ಜಾಸ್ತಿಯಾದರೆ ಇಲ್ಲ. ಆಗ ಎಷ್ಟು ಎಚ್ಚರದಿಂದ ಒತ್ತಿದರೂ ಅಮಾನ್ಯ, ಅಮಾನ್ಯ, ಆಮೇಲೆ ಖಾತೆಯೇ ಲಾಕ್.

ಮೂರಕ್ಕೂ ಬೇರೆ ಬೇರೆ ಮಾತು ಕನ್ನಡದಲ್ಲಿ ಸಲೀಸಾಗಿ ಇದೆ. ‘ಅಂಕಿ ತಪ್ಪಿದೆ.’ ‘ಹೊತ್ತು ಮೀರಿದೆ, ಹೊಸ ಸಂಖ್ಯೆ ಮೂಡುವವರೆಗೆ ಕಾಯಿರಿ.’ ‘ಯಂತ್ರದ ಗಡಿಯಾರ ನಮ್ಮದಕ್ಕೆ ತಾಳೆಯಾಗುತ್ತಿಲ್ಲ.’ ಈ ಮೂರನೆಯದಕ್ಕೆ ಮದ್ದು ಇದೆ. ಒಂದರ ಹಿಂದೊಂದು ಎರಡು ಸಂಖ್ಯೆ ಹಾಕಿಸಿಕೊಂಡು ಬ್ಯಾಂಕು ತನ್ನ ಲೆಕ್ಕವನ್ನು ಸರಿಹೊಂದಿಸಿಕೊಳ್ಳಬಹುದು. ಅದಕ್ಕೆ ‘ಮರುಸಮಕಾಲಿಕಗೊಳಿಸಿ’ ಎಂದು ಬರೆದದ್ದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ‘ತಾಳೆ ಮಾಡಿ’ ಎಂದರೆ ಸಾಲದಾ? ಲೆಕ್ಕಪತ್ರ ತಾಳೆ ನೋಡುವುದು ಎಲ್ಲ ಅಂಗಡಿಯವರಿಗೂ ಗೊತ್ತಿರುವ ಕೆಲಸ. ಕಾರಣ ಹೇಳಿದರೆ ಕಳ್ಳನಿಗೂ ಸುಳಿವು ಸಿಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಹಾಗಿದ್ದರೆ ಆಗಿರಬಹುದಾದ ಮೂರೂ ಕಾರಣಗಳನ್ನು ಕೆಳಗೆ ಬರೆದುಬಿಡಲಿ. ಅದರಿಂದ ಕಳ್ಳನಿಗೆ ಹೊಸದೇನೂ ತಿಳಿಯುವುದಿಲ್ಲ. ಖಾತೆ ಇರುವವರಿಗೆ ಮುಂದೇನು ಮಾಡಬೇಕು ಎಂದು ತಿಳಿಯುತ್ತದೆ.

ಕೊನೆಗೆ ಯಂತ್ರದ ಹೆಸರು. ‘ಸಾಧನ’ ಬೇಡ. ಫೋನಿಗೂ ಸಾಧನ ಅನ್ನುತ್ತಾರೆ, ಕಂಪ್ಯೂಟರಿಗೂ ಸಾಧನ ಅನ್ನುತ್ತಾರೆ. ‘ನಿಮ್ಮ ಸಾಧನದಲ್ಲಿ ಕಾಣುವ ಸಂಖ್ಯೆಯನ್ನು ನಿಮ್ಮ ಸಾಧನದಲ್ಲಿ ನಮೂದಿಸಿ’ ಎಂಬ ವಾಕ್ಯ ಹುಟ್ಟುವುದು ಹೀಗೇ. ‘ಟೋಕನ್’ ಎಂದರೆ ಸರದಿಯ ಚೀಟಿ ನೆನಪಾಗುತ್ತದೆ. ‘ಭದ್ರತಾ ಕೀಲಿ’ ಎಂದು ಕೆಲವರು ಬರೆಯುತ್ತಾರೆ. ಇಲ್ಲಿ ನನಗೆ ಉತ್ತರ ಕರ್ನಾಟಕದವರ ಸಹಾಯ ಬೇಕು. ಅಲ್ಲಿ ‘ಕೀಲಿ ಹಾಕು’ ಎಂದರೆ ಬೀಗ ಹಾಕು. ತೆರೆಯುವುದು ಕೀಲಿಕೈ. ದಕ್ಷಿಣದಲ್ಲಿ ಕೀಲಿ ಎಂದರೆ ತೆರೆಯುವುದೇ ಎಂದುಕೊಳ್ಳುವವರು ಜಾಸ್ತಿ. ಕೀಬೋರ್ಡಿನ ಗುಂಡಿಯೂ ‘ಕೀಲಿ’ ಆಗಿ ಕೂತಿದೆ. ನಾನು ಪುಟದಲ್ಲಿ ‘ಕೋಡ್ ಯಂತ್ರ’ ಎಂದು ಹಾಕಿದ್ದೇನೆ. ಚಿಕ್ಕಮ್ಮ ಅದನ್ನು ‘ಕೋಡಿನ ಡಬ್ಬಿ’ ಅನ್ನುತ್ತಾರೆ. ಅದೂ ಚೆನ್ನಾಗಿಯೇ ಇದೆ, ಬರಹದಲ್ಲಿ ನಿಲ್ಲುತ್ತದಾ ಎಂಬುದಷ್ಟೇ ಅನುಮಾನ.

ಬ್ಯಾಂಕಿನ ಪುಟಗಳನ್ನು, ಆಪ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವವರು ನಮ್ಮ ನಡುವೆ ಇದ್ದೀರಿ. ನಿಮ್ಮಲ್ಲಿ ಒಂದು ವಿಶೇಷ ಕೋರಿಕೆ. ಇಂಗ್ಲಿಷ್‌ನ ‘ಅಥೆಂಟಿಕೇಟ್’, ‘ವೆರಿಫೈ’, ‘ಕನ್ಫರ್ಮ್’ ಮೂರಕ್ಕೂ ‘ದೃಢೀಕರಿಸಿ’ ಎಂದೇ ಹಾಕಬೇಕು ಎಂಬ ಪದಪಟ್ಟಿ ನಿಮಗೆ ಕೊಡುತ್ತಾರಾ, ಅಥವಾ ಅನುವಾದಕರಿಗೆ ಬಿಟ್ಟಿರುತ್ತಾರಾ? ಪಟ್ಟಿಯಲ್ಲೇ ಹಾಗಿದ್ದರೆ ಅದನ್ನು ಬದಲಿಸಲು ಯಾರಿಗೆ ಬರೆಯಬೇಕು? ದುಡ್ಡು ಹೋಗುವ ಕಡೆಗಾದರೂ ಬೇರೆ ಪದ ಇರಲಿ ಎಂದು ಬರೆದು ಕೇಳಲು ನಾನು ತಯಾರಿದ್ದೇನೆ. ‘ಸಹಿ’ ಬೇಡ ಅನ್ನುವವರು ಅದರ ಬದಲು ನಿಮ್ಮ ಮನೆಯ ಹಿರಿಯರಿಗೆ ಒಂದೇ ಸಲಕ್ಕೆ ಅರ್ಥವಾಗುವ ಪದ ಯಾವುದು ಎಂದು ತಿಳಿಸಿ. ಪುಟವನ್ನು ಅಚ್ಚು ಹಾಕಿಸುವ ಮುಂಚೆ ತಿದ್ದಿಕೊಳ್ಳುತ್ತೇನೆ.